ಎರ್ಮಾಳಿನ ದಾರಿ ಅಳಿಸಿದವರು

"ಆನ್ಸಿಲ್ಲಾ, ದಾರಿಯ ಚಿತ್ರಗಳೆಲ್ಲ ಹೋದವು! ಬೇಗ ಬಾ ಮಾರಾಯ್ತಿ!"

ಫೋನಿನಲ್ಲಿ ಕುಶಲಾ ಅಳುತ್ತಿದ್ದಳು. ನಾನಿನ್ನೂ ಚಹಾ ಕುಡಿದಿರಲಿಲ್ಲ. ಚಹಾಕ್ಕೆ ಮೊದಲು ಯಾರು ಅತ್ತರೂ ನನಗೆ ಸಿಟ್ಟು ಬರುತ್ತದೆ.

ನಾನು ಉಡುಪಿಯ ಒಂದು ಸಂಜೆ ಪತ್ರಿಕೆಗೆ ಕಾಪು ಕಡೆಯ ವರದಿಗಾರ್ತಿ. ಕುಶಲಾ ಎರ್ಮಾಳಿನ ಶಾಲೆಯಲ್ಲಿ ನನ್ನ ಜೊತೆ ಓದಿದವಳು, ಮೀನುಗಾರರ ಮನೆಯ ಸೊಸೆ. ವರ್ಷಗಟ್ಟಲೆ ಕನ್ನಡದಲ್ಲಿ ಬ್ಲಾಗ್ ಬರೆದಳು. ಕಡಲು, ಹಬ್ಬ, ಮನೆ, ಮೀನು. ಊರಿನಲ್ಲಿ ಯಾರೂ ಓದಲಿಲ್ಲ. ಈಗ ಇಡೀ ಊರಿಗೆ ಅದೇ ಬೇಕಾಗಿತ್ತು.

ಕಾರಣ ಕಾರ್ಲ್ಟನ್. ಗಲ್ಫಿನಿಂದ ಬಂದವನು ಹೋಂಸ್ಟೇ ಕಟ್ಟಿಸುತ್ತಿದ್ದ. ಡಾಮರು ರಸ್ತೆಯಿಂದ ಕಡಲಿಗೆ ಹೋಗುವ ದಾರಿಗೆ ಅಡ್ಡ ಕಾಂಪೌಂಡು ಎಬ್ಬಿಸಿದ್ದ. ಅಲ್ಲಿ ದಾರಿಯೇ ಇರಲಿಲ್ಲವಂತೆ, ಎಲ್ಲ ಅವನ ಹಿತ್ತಲಂತೆ. ನಾನು ಪ್ರಾರ್ಥನೆಗೆ ಹೋಗುವ ಇಗರ್ಜಿಯವನೇ. ಹಾಗಾಗಿ ನನಗೆ ಸಿಟ್ಟು ಎರಡು ಪಾಲು. ಮರುದಿನ ಕಾಪುವಿನಲ್ಲಿ ತಹಶೀಲ್ದಾರರ ಮುಂದೆ ವಿಚಾರಣೆ. ದಾರಿ ಇತ್ತೆಂದು ಬ್ಲಾಗಿನ ಚಿತ್ರಗಳಿಂದ ತೋರಿಸಲಾಗದಿದ್ದರೆ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಲ್ಕಾರು ಮನೆಗಳ ಒಲೆ ಆರಿದಂತೆಯೇ.

* * *

ಕುಶಲಾ ಲ್ಯಾಪ್‌ಟಾಪ್ ನನ್ನ ಮುಂದೆ ತಳ್ಳಿದಳು.

"ಭಾನುವಾರ ನಿಖಿತಾ ಬಂದು ಬ್ಲಾಗಿನ ಪ್ರತಿಯನ್ನೆಲ್ಲ ಇದಕ್ಕೆ ಇಳಿಸಿ ಕೊಟ್ಟಳು. ಎಐ ಹತ್ತಿರ ಹೇಳಿ ವಿಷಯಕ್ಕೊಂದು ಫೋಲ್ಡರ್ ಮಾಡಿಸಿದಳು. ಇವತ್ತು ನೋಡಿದರೆ ಅರ್ಧ ಖಾಲಿ. ನಡುವೆ ನಾನು ಮನೆ ಬಿಟ್ಟದ್ದು ಮೊನ್ನೆ ಮಾತ್ರ, ವಕೀಲರನ್ನು ನೋಡಲು ಕಾಪುವಿಗೆ."

ನಿಖಿತಾ ಅವಳ ತಂಗಿಯ ಮಗಳು, ಮಣಿಪಾಲದಲ್ಲಿ ಉಪನ್ಯಾಸಕಿ.

"ಬ್ಲಾಗಿನಲ್ಲಿ ಉಂಟಲ್ಲ?"

"ಅಲ್ಲೂ ಇಲ್ಲ. ಕಸದ ಬುಟ್ಟಿಯೂ ಖಾಲಿ. ಈ ಎಐಯನ್ನು ಕೇಳಿದರೆ ಕ್ಷಮಿಸಿ ಅಂತದೆ. ಬೆಳಿಗ್ಗೆಯಿಂದ ಕ್ಷಮಿಸಿ, ಕ್ಷಮಿಸಿ! ಬುದ್ಧಿಯೂ ಅಷ್ಟೇ. ಮೀನು ಒಣಗಿಸುವುದನ್ನು ಅಡುಗೆಗೆ ಸೇರಿಸಿದೆ. ಮೀನು ಒಣಗಿಸುವುದು ಅಡುಗೆಯಾ?"

"ಅದಕ್ಕೆ ಆಮೇಲೆ ಬೈ. ಹೋದದ್ದು ಯಾವುದು?"

"ಸಮುದ್ರ ಪೂಜೆಯ ಮೆರವಣಿಗೆ. ದೋಣಿ ಎಳೆಯುವುದು. ಮತ್ತೆ ಅತ್ತೆ ತೀರಿಕೊಂಡಾಗ ಬರೆದದ್ದು."

"ಅತ್ತೆಯದ್ದರಲ್ಲಿ ದಾರಿ ಉಂಟಾ?"

"ಎಲ್ಲಿ? ಗಂಡಸರು ಬೂದಿಯ ಮಡಕೆ ತೆಗೆದುಕೊಂಡು ಹೋಗುವ ಒಂದು ಫೋಟೊ. ಬೆನ್ನುಗಳು ಮಾತ್ರ. ಯಾಕೆ ಹೋಯಿತೋ!"

ಆಗ ಮೈದುನ ಕರುಣಾಕರ ಒಳಗೆ ಬಂದ. ಅದೇ ಹಿತ್ತಲಿನ ಇನ್ನೊಂದು ಮನೆ ಅವನದ್ದು. ಕುಶಲಾಳ ಮನೆಯ ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇರುತ್ತದೆ. ಸ್ವಂತ ಲಾರಿ ಉಂಟು.

"ಎಂತ ಅತ್ತಿಗೆ, ಅಳುವುದು?"

"ದಾರಿಯ ಪೋಸ್ಟುಗಳು ಹೋದವು ಕರುಣಾಕರ."

"ನಾನು ಆವತ್ತೇ ಹೇಳಲಿಲ್ವಾ? ಆ ಎಐ ನುಂಗಿತು, ಅಷ್ಟೇ. ಯಂತ್ರವನ್ನು ನಂಬಬಾರದು. ಅಲ್ವಾ ಬಾಯಮ್ಮ?" ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಿ, ಬಾಯಮ್ಮ ಎಂದೇ ಕರೆಯುವುದು.

"ಮೊನ್ನೆ ಕುಶಲಾ ಕಾಪುವಿನಲ್ಲಿ ವಕೀಲರ ಹತ್ತಿರ ಇದ್ದಾಗ ಮನೆಯಲ್ಲಿ ಯಾರಿದ್ದರು?" ಎಂದು ಕೇಳಿದೆ.

"ಬೀಗ ಹಾಕಿತ್ತು. ನನ್ನ ಹತ್ತಿರ ಕೇಳಬೇಡಿ, ನಾನು ಕಾರ್ಕಳದಲ್ಲಿದ್ದೆ. ಲೋಡಿಗೆ."

* * *

ಮಣಿಪಾಲಕ್ಕೆ ಹೋಗಲು ಎರಡು ಬಸ್ಸು. ಎರಡರಲ್ಲೂ ನಿಂತೇ ಹೋದೆ. ಹೀಗಾಗಿ ನಿಖಿತಾಳ ಮುಂದೆ ನನ್ನ ಸ್ವರ ಸ್ವಲ್ಪ ದೊಡ್ಡದಿತ್ತು.

"ನಿನ್ನ ಎಐ ನುಂಗಿತಾ, ನೀನು ಅಳಿಸಿದ್ದಾ?"

"ಕೂಗಬೇಡಿ ಆಂಟಿ, ಸ್ಟಾಫ್ ರೂಮ್ ಇದು. ನಾನೇ ಅಳಿಸುವುದಾದರೆ ಪ್ರತಿ ತೆಗೆದುಕೊಡುವ ರಗಳೆ ಯಾಕೆ?"

"ಹಾಗಾದರೆ ಎಐ?"

"ಅದಕ್ಕೆ ನಾನು ಕೊಟ್ಟದ್ದು ಪ್ರತಿ ಮಾತ್ರ. ಅದು ಓದಿತು, ವಿಂಗಡಿಸಿತು. ಬ್ಲಾಗಿನ ಒಳಗೆ ಕೈ ಹಾಕಲು ಅದಕ್ಕೆ ಆಗುವುದೇ ಇಲ್ಲ. ಆದರೆ ದೊಡ್ಡಮ್ಮನ ಲ್ಯಾಪ್‌ಟಾಪಿನಲ್ಲಿ ಬ್ಲಾಗ್ ಯಾವಾಗಲೂ ತೆರೆದೇ ಇರ್ತದೆ. ಪಾಸ್‌ವರ್ಡ್ ಮರೆತುಹೋಗ್ತದೆ ಅಂತ ಅವರು ಮುಚ್ಚುವುದೇ ಇಲ್ಲ."

"ಅಂದರೆ ಮನೆಯೊಳಗೆ ಕೂತು ಮನುಷ್ಯರೇ ಅಳಿಸಿದ್ದು."

"ಹೌದು. ಎರಡೂ ಕಡೆ ಹುಡುಕಿ, ಬೇಕಾದದ್ದನ್ನೇ ಆರಿಸಿ."

ಎಐಗೆ ಇಡೀ ದಿನ ಬೈದದ್ದು ದಂಡ. ಅದಕ್ಕೂ ನನಗೆ ಸಿಟ್ಟೇ ಬಂತು.

* * *

ಕಾರ್ಲ್ಟನ್ ಕಾಂಪೌಂಡಿನ ಬಳಿ ಕೆಲಸದವರಿಗೆ ಬೊಬ್ಬೆ ಹಾಕುತ್ತಿದ್ದ.

"ಕುಶಲಾಳ ಬ್ಲಾಗ್ ಅಳಿಸಿದ್ದು ನೀನಾ?"

"ಬ್ಲಾಗ್ ಅಂದರೆ ಎಂತ ಅಂತಲೇ ನನಗೆ ಗೊತ್ತಿಲ್ಲ ಬಾಯಿ. ಅವಳ ಮನೆಯ ಮೆಟ್ಟಿಲನ್ನೂ ನಾನು ಹತ್ತಿಲ್ಲ. ನನ್ನ ಜಾಗ, ನನ್ನ ಗೋಡೆ. ಕೋರ್ಟಿಗೆ ಬೇಕಾದರೂ ಹೋಗ್ತೇನೆ."

ಅವನು ಜಗಳಗಂಟ. ಆದರೆ ಏನಿದ್ದರೂ ಮುಖಕ್ಕೆ ಹೇಳುವ ಜಗಳಗಂಟ. ಬೀಗ ತೆಗೆದು ನುಗ್ಗುವ ಜಾತಿಯಲ್ಲ. ಗೋಡೆ ಅರ್ಧಕ್ಕೆ ನಿಂತಿತ್ತು. ಪಕ್ಕದಲ್ಲಿ ಕಪ್ಪು ಕಲ್ಲಿನ ಚಪ್ಪಡಿಗಳ ರಾಶಿ, ಹೊಸತು.

"ಈ ಕಲ್ಲು?"

"ಕಾರ್ಕಳದ್ದು. ಮೊನ್ನೆ ಬಂತು. ಕೇಸು ಗೆದ್ದರೆ ಉಳಿದ ಲೋಡು ಪೂರಾ ಅದೇ ಲಾರಿಯವನಿಗೆ. ಮಾತಾಗಿದೆ."

"ಯಾವ ಲಾರಿ?"

"ಅದು ನಿಮಗೆ ಯಾಕೆ?"

ಹೇಳಬೇಕಾಗಿಯೂ ಇರಲಿಲ್ಲ. ನೆಲದಲ್ಲಿ ಟಯರಿನ ಗುರುತು ಇತ್ತು. ಅದು ತಿರುಗಿದ್ದು ಕುಶಲಾಳ ಹಿತ್ತಲಿಗೆ.

ಆದರೂ ಅಷ್ಟು ಸಾಲದು. ಕಲ್ಲು ಹೊತ್ತವನೆಲ್ಲ ಕಳ್ಳನಲ್ಲ.

* * *

ಸಂಜೆ ಕುಶಲಾಳ ಜಗಲಿಯಲ್ಲಿ ಕೂತೆವು. ಕರುಣಾಕರನನ್ನೂ ಕರೆಸಿದೆ.

"ಮೆರವಣಿಗೆಯ ಪೋಸ್ಟು ಹೋದದ್ದು ಅರ್ಥವಾಗ್ತದೆ," ಎಂದೆ. "ದೋಣಿಯದ್ದೂ ಸರಿ. ನಿನ್ನ ಅಮ್ಮನ ಬೂದಿಯ ಪೋಸ್ಟು ಯಾಕೆ ಹೋಯಿತು ಕರುಣಾಕರ?"

"ಅದೂ ಅದೇ ದಾರಿಯಲ್ವಾ ಬಾಯಮ್ಮ," ಎಂದ ಅವನು.

ಕುಶಲಾ ತಲೆ ಎತ್ತಿದಳು.

"ಯಾವ ದಾರಿ? ನೀವು ದೇವಸ್ಥಾನದ ರಸ್ತೆಯಲ್ಲಿ ಹೋದದ್ದಲ್ವಾ?"

ಅವನು ಬಾಯಿ ಮುಚ್ಚಿದ. ತಡವಾಗಿತ್ತು.

"ನೋಡು," ಎಂದೆ. "ಬೂದಿ ಬಿಡಲು ನಿಮ್ಮಲ್ಲಿ ಹೋದದ್ದು ಗಂಡಸರು ಮಾತ್ರ. ಹೆಂಗಸರು ಮನೆಯಲ್ಲಿ. ಬರೆದ ಕುಶಲಾಳಿಗೇ ಅದು ಯಾವ ದಾರಿ ಅಂತ ಗೊತ್ತಿಲ್ಲ. ಬರಹದಲ್ಲಿ ದಾರಿ ಎಂಬ ಮಾತೇ ಇಲ್ಲ, ಫೋಟೊದಲ್ಲಿ ಬೆನ್ನು ಬಿಟ್ಟು ಬೇರೇನಿಲ್ಲ. ಎಐಗೆ ತಿಳಿಯುವುದಿಲ್ಲ, ನಿಖಿತಾಳಿಗೆ ತಿಳಿಯುವುದಿಲ್ಲ, ಕಾರ್ಲ್ಟನನಿಗೂ ಇಲ್ಲ. ಆ ದಿನ ನಡೆದವರಿಗೆ ಮಾತ್ರ ಗೊತ್ತು. ಫೋಟೊ ತೆಗೆದ ನಿನ್ನ ಅಣ್ಣ, ಕುಶಲಾಳ ಗಂಡ, ದುಬೈಯಲ್ಲಿದ್ದಾರೆ. ಉಳಿದವರು ದೋಣಿಯವರು, ಅವರಿಗೆ ದಾರಿ ಬೇಕು. ದಾರಿ ಬೇಡದವನು, ಈ ಮನೆಯ ಬೀಗದ ಕೈ ಇರುವವನು ಒಬ್ಬನೇ. ಮಡಕೆ ಹಿಡಿದು ಮುಂದೆ ನಡೆದವನು."

ಕರುಣಾಕರ ನೆಲ ನೋಡಿದ.

"ಲಾರಿಯ ಕಂತು ಕಟ್ಟಬೇಕಲ್ವಾ ಅತ್ತಿಗೆ. ಗೋಡೆ ಎದ್ದರೆ ವರ್ಷಪೂರ್ತಿ ಲೋಡು ಇತ್ತು."

"ನಿನ್ನ ಅಮ್ಮನ ಕೊನೆಯ ಫೋಟೊ ಅದು," ಎಂದಳು ಕುಶಲಾ.

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಕಟ್ಟಿಕೊಂಡು ಕೂತೆ. ಆಗ ಕುಶಲಾ ಬೆಳಿಗ್ಗೆ ಬೈದದ್ದು ನೆನಪಾಯಿತು.

"ಅಡುಗೆಯ ಫೋಲ್ಡರನ್ನೂ ಅಳಿಸಿದ್ದೀಯಾ?"

"ಅಡುಗೆಯದ್ದಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದರಲ್ಲಿ ಎಂತ ಉಂಟು ನೋಡಲಿಕ್ಕೆ?"

ಎಐಗೆ ಬೈದಳೇ ಹೊರತು ಕುಶಲಾ ಅದನ್ನು ತೆರೆದು ನೋಡಿರಲಿಲ್ಲ. ಈಗ ಲ್ಯಾಪ್‌ಟಾಪ್ ಎಳೆದುಕೊಂಡಳು. ಅಡುಗೆ. ಒಣಮೀನು. ಬೇಸಿಗೆಯ ಬಿಸಿಲು. ರಸ್ತೆಯಿಂದ ಕಡಲಿನವರೆಗೆ ದಾರಿಯ ಎರಡೂ ಬದಿಗೆ ಚಾಪೆಗಳು, ಮೇಲೆ ಬೊಳೆಂಜಿರ್, ನಂಗ್ ಮೀನುಗಳು. ನಡುವೆ ದೋಣಿ ಎಳೆದ ಗುರುತು. ಒಂದು ಬದಿಯಲ್ಲಿ ಕಾರ್ಲ್ಟನನ ಮನೆಯ ಹಳೆಯ ಗೇಟು. ಅದು ತೆರೆದುಕೊಂಡದ್ದು ಇದೇ ದಾರಿಗೆ. ಒಂದು ವರ್ಷದ್ದಲ್ಲ, ಪ್ರತಿ ಬೇಸಿಗೆಯದ್ದು.

ಆ ಮನೆಯ ಗಂಡಸರಿಗೆ ಮೀನು ತಿನ್ನಲು ಗೊತ್ತು. ಅದು ಎಲ್ಲಿ ಒಣಗುತ್ತದೆಂದು ನೋಡಿದವರಿಲ್ಲ.

* * *

ಕಾಪುವಿನಲ್ಲಿ ತಹಶೀಲ್ದಾರರು ಆ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕಾರ್ಲ್ಟನನ ಕಡೆ ತಿರುಗಿದರು.

"ನಿಮ್ಮದೇ ಹಿತ್ತಲಾದರೆ ಅದರೊಳಗೆ ತೆರೆಯುವ ಗೇಟು ಯಾವುದಕ್ಕೆ?"

ಗೋಡೆ ತೆಗೆಯಲು ಆದೇಶವಾಯಿತು.

ಹೊರಗೆ ಕರುಣಾಕರ ಮರದಡಿ ನಿಂತಿದ್ದ. ಪೊಲೀಸಿಗೆ ಕೊಡೋಣ ಎಂದೆ ನಾನು. ಕುಶಲಾ ಅವನ ಮುಂದೆ ಹೋಗಿ ನಿಂತಳು.

"ನಾಳೆ ನಂಗ್ ಒಣಗಿಸಲಿಕ್ಕೆ ಉಂಟು. ಚಾಪೆ ಎಲ್ಲ ಹೊತ್ತುಕೊಂಡು ಬಾ," ಎಂದಳು. "ದಾರಿ ನಿನಗೆ ಗೊತ್ತುಂಟಲ್ಲ."