ಕುಡಿದಿರಲಿಲ್ಲ ಅವನು!

"ಅಂಗಿ ಮೇಲೆತ್ತಿ," ಅಂದ ಡಾಕ್ಟರ್ ರೋಗಿಯ ಮುಖ ನೋಡಿ ಹಾಗೇ ನಿಂತುಬಿಟ್ಟಳು.

ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದ್ದವನು... ಅವಳ ಗಂಡ! ವರ್ಷದ ಹಿಂದೆ ಅವಳೇ ಬಿಟ್ಟು ಬಂದಿದ್ದ ಗಂಡ.

"ಊರಲ್ಲಿ ಬೇರೆ ಸ್ಕ್ಯಾನಿಂಗ್ ಡಾಕ್ಟರೇ ಸಿಗ್ಲಿಲ್ವಾ ನಿಂಗೆ?"

"ನೀನೇ ಕಣ್ಣಾರೆ ನೋಡು ಅಂತಾನೇ ಬಂದೆ. ನೋಡು!"

ಇವಳಿಗೋ, ಕೋಪ ಮೂಗಿನ ತುದೀಲೇ. ಮದುವೆಗೆ ಮುಂಚೆ ಕುಡಿತ ಬಿಡ್ತೀನಿ ಅಂತ ಅವನು ಮಾತು ಕೊಟ್ಟಿದ್ದ. ಆಮೇಲೊಮ್ಮೆ ರಕ್ತಪರೀಕ್ಷೆಯಲ್ಲಿ ಲಿವರ್ ಸರಿಯಿಲ್ಲ ಅಂತ ಬಂದದ್ದೇ ತಡ, 'ಕದ್ದು ಕುಡೀತಿದ್ದೀಯ' ಅಂತ ಅರಚಾಡಿ ಅಮ್ಮನ ಮನೆ ಸೇರಿದಳು. ಅವನೂ ಮಹಾ ಮೊಂಡ. ಒಂದು ಸಲ "ಇಲ್ಲ" ಅಂದವನು ಎರಡನೇ ಸಲ ಬಾಯಿ ಬಿಡಲಿಲ್ಲ.

ಈಗ ನೋಡಿದರೆ ಹೊಟ್ಟೆ ಉಬ್ಬಿದೆ, ಕಾಲು ಊದಿದೆ. ಇನ್ನೂ ಬಿಟ್ಟಿಲ್ಲ, ಪಾಪಿ! ಹಲ್ಲು ಕಚ್ಚಿಕೊಂಡು ಜೆಲ್ ಸುರಿದು, ಪಕ್ಕೆಲುಬಿನ ಕೆಳಗೆ ಸ್ಕ್ಯಾನಿಂಗ್ ಪ್ರೋಬ್ ಒತ್ತಿದಳು.

"ಮೆಲ್ಲಗೆ ಒತ್ತೇ, ಸಿಡುಕಿ! ನೋಯುತ್ತೆ."

"ನೋಯ್ಲಿ!"

ಪರದೆಯಲ್ಲಿ ಲಿವರ್ ದೊಡ್ಡದಾಗಿತ್ತು, ಆದರೆ ಕುಡುಕರ ಲಿವರಿನಂತೆ ಗಂಟುಗಂಟಾಗಿರದೆ ಅಂಚು ನುಣುಪಾಗೇ ಇತ್ತು. ಒಳಗಿನ ರಕ್ತನಾಳಗಳು ಮಾತ್ರ ದಪ್ಪಗೆ ಉಬ್ಬಿಕೊಂಡಿದ್ದವು. ಇದೇನಿದು...?

"ಮೂಗಿಂದ ಜೋರಾಗಿ ಉಸಿರೆಳಿ."

ಎಳೆದ. ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ ಉಸಿರಿನ ಜೊತೆ ಕುಗ್ಗಬೇಕಿತ್ತು. ಒಂದಿಷ್ಟೂ ಕುಗ್ಗಲಿಲ್ಲ.

"ಇನ್ನೊಂದ್ಸಲ!"

ಊಹೂಂ. ಪ್ರೋಬನ್ನು ಅವನ ಎದೆಗೆ ತಂದಳು. ಹೃದಯ ಹಿಗ್ಗಿಹೋಗಿ, ಸೋತು ಸೋತು ಬಡಿಯುತ್ತಿತ್ತು. ಅದು ಮುಂದಕ್ಕೆ ತಳ್ಳಲಾರದ ರಕ್ತವೆಲ್ಲ ಹಿಂದೆ ನಿಂತು ಲಿವರನ್ನು ಉಬ್ಬಿಸಿತ್ತು.

"ಇದು ಲಿವರಿಂದ ಶುರುವಾಗಿದ್ದಲ್ಲ... ಹೃದಯದ್ದು. ನೀನು... ಕುಡೀತಿರ್ಲಿಲ್ವಾ?"

"ಒಂದು ತೊಟ್ಟೂ ಇಲ್ಲ. ಆವತ್ತೂ ಹೇಳಿದ್ದೆ!"

"ಇನ್ನೊಂದು ಸಲ ಹೇಳೋಕೇನಾಗಿತ್ತು?"

"ಒಂದೇ ಸಲಕ್ಕೆ ನಂಬೋಕೆ ನಿಂಗೇನಾಗಿತ್ತು?" ಕೂಗಿದವನಿಗೆ ಏದುಸಿರು ಬಂತು.

ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿದುಹೋಯಿತು. ಡಾಕ್ಟರಂತೆ ಡಾಕ್ಟರ್! ಕಟ್ಟಿಕೊಂಡವನ ಮಾತು ಕೇಳಿಸಿಕೊಳ್ಳಲಾಗದವಳು!

"ತಪ್ಪು ನಂದೇ. ಬಾಯಿಗೆ ಬಂದಂಗೆ ಬೈಯಿ. ಆದ್ರೆ ಈಗಲೇ ಅಡ್ಮಿಟ್ ಆಗು."

"ನಿನ್ನ ಬೈಯೋಕೆ ಈ ಜನ್ಮ ಸಾಲಲ್ಲ."

"ಹಾಗಾದ್ರೆ ಮೊದ್ಲು ಬದುಕೋ, ಮೊಂಡ!" ಅಳು ತಡೆಯಲಾಗಲಿಲ್ಲ. "ನೀನಿಲ್ದೆ ನನ್ನ ಕೈಲಾಗಲ್ಲ ಕಣೋ..."

ಅವನು ಗೋಡೆಯತ್ತ ಮುಖ ತಿರುಗಿಸಿದ. ಕೈ ಮಾತ್ರ ಅವಳತ್ತ ಚಾಚಿದ.

"ನನ್ನ ಕೋಪ ಇನ್ನೂ ಇಳಿದಿಲ್ಲ, ಗೊತ್ತಾಯ್ತಾ?"

ಅವಳು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ಇಳೀಲೇಬೇಡ. ವಾಸಿಯಾದ್ಮೇಲೆ ದಿನಾ ಜಗಳ ಆಡೋಣ... ನಮ್ಮನೇಲಿ."