ಚುಕ್ಕಿಗೆರೆಯ ಕೇಬಲ್

ಏಳನೆಯ ಹಾಸಿಗೆಯ ಮುದುಕಿ ಸತ್ತಾಗ ಕರೆಗಂಟೆಯ ಗುಂಡಿ ಹೆಬ್ಬೆರಳಿನಲ್ಲಿ ಅಚ್ಚೊತ್ತಿತ್ತು. ಅದನ್ನು ಮೊದಲು ಕಂಡವಳು ಆ ಮಧ್ಯಾಹ್ನ ವಾರ್ಡಿನಲ್ಲಿದ್ದ ನರ್ಸ್. ಗಂಟೆ ಮೊಳಗಲೇ ಇಲ್ಲವೆಂದು ಅವಳು ವಾರವಿಡೀ ಹೇಳಿದಳು. ನಿದ್ದೆ ಹೊಡೆದಿದ್ದಾಳೆಂದು ಆಸ್ಪತ್ರೆ ತೀರ್ಮಾನಿಸಿತು. ನಾಳೆ ವಿಚಾರಣೆ, ಆಮೇಲೆ ಕೆಲಸ ಹೋಗಿ ಮನೆ.

ಅವಳು ದೊಡ್ಡಮ್ಮನ ಬಳಿಗೆ ಹೋದಳು. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ದ ದೊಡ್ಡಮ್ಮ ಬಿಡಿಸಿದ ಒಗಟುಗಳು ಒಂದೆರಡಲ್ಲ. ಪ್ರತಿಸಲವೂ ಟಾರ್ಚು ಹಿಡಿದು ಹಿಂದೆ ನಡೆದವಳು ಇವಳೇ.

"ನಿದ್ದೆ ಮಾಡಿದ್ಯೇನೇ?"

"ಇಲ್ಲ ದೊಡ್ಡಮ್ಮ."

"ಹಾಗಾದ್ರೆ ಟಾರ್ಚ್ ತಗೋ."

ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ, ಗಂಟೆ-ಕಂಪ್ಯೂಟರುಗಳ ಸುದ್ದಿ ಸಾಗಿಸುವ ನಾಲ್ಕು ನೆಟ್‌ವರ್ಕ್ ಸ್ವಿಚ್ಚುಗಳು ಒಂದರ ಮೇಲೊಂದು ಕೂತಿದ್ದವು. ಅವನ್ನು ಜೋಡಿಸಿದ ತಂತ್ರಜ್ಞ ಗೋಡೆಯ ಮೇಲಿನ ತನ್ನ ನಕ್ಷೆ ತೋರಿಸಿ ವಿವರಿಸಿದ. ಒಂದರಿಂದ ಮುಂದಿನದಕ್ಕೆ ಗಿಡ್ಡ ಕೇಬಲ್. ಮೇಲಿನದರಿಂದ ಕೆಳಗಿನದಕ್ಕೆ, ಹಿಂಬದಿಯಿಂದ, ಉದ್ದನೆಯದೊಂದು. ಹೀಗೆ ಸುತ್ತು ಕೂಡಿದರೆ ನಾಲ್ಕೂ ಒಂದೇ ಯಂತ್ರ. ಯಾವುದಾದರೊಂದು ಕೇಬಲ್ ಕಳಚಿದರೂ ಸುದ್ದಿ ಇನ್ನೊಂದು ದಿಕ್ಕಿನಿಂದ ಬಂದು ಸೇರುತ್ತದೆ. ವಾರ್ಡಿನ ಗಂಟೆಗಳೆಲ್ಲ ಎಲ್ಲಕ್ಕಿಂತ ಮೇಲಿನ ಸ್ವಿಚ್ಚಿಗೆ ಸೇರಿದವು.

ನರ್ಸ್ ಹಿಂಬದಿಗೆ ಟಾರ್ಚು ಬಿಟ್ಟಳು. ಉದ್ದನೆಯ ಕೇಬಲ್ ಇರಲಿಲ್ಲ. ಖಾಲಿ ಕಿಂಡಿಯಲ್ಲಿ ಧೂಳು ಹೆಪ್ಪುಗಟ್ಟಿತ್ತು. ತಂತ್ರಜ್ಞ ನಕ್ಷೆಯನ್ನೊಮ್ಮೆ, ಕಿಂಡಿಯನ್ನೊಮ್ಮೆ ನೋಡಿದ. ದೊಡ್ಡಮ್ಮ ಮುಂಭಾಗದ ಗಿಡ್ಡ ಕೇಬಲ್ಲುಗಳನ್ನು ಬಿಗಿದು ಕಟ್ಟಿದ್ದ ದಾರದ ಗಂಟುಗಳನ್ನು ಮುಟ್ಟಿ ನೋಡಿದಳು. ಎರಡು ಬೂದುಬಣ್ಣಕ್ಕೆ ತಿರುಗಿದ್ದವು. ಎಲ್ಲಕ್ಕಿಂತ ಮೇಲಿನದು ಹಾಲಿನಷ್ಟು ಬಿಳುಪು.

ಬೆಳಿಗ್ಗೆ ಮುಖ್ಯ ವೈದ್ಯರ ಕೋಣೆಯಲ್ಲಿ ಎಲ್ಲರೂ ಸೇರಿದರು. ಸತ್ತವಳ ಮಗಳೂ ಆಸ್ಪತ್ರೆಯ ಉಗ್ರಾಣದವನೂ ಬಂದಿದ್ದರು.

ದೊಡ್ಡಮ್ಮ ತಾನು ಕಂಡದ್ದನ್ನು ಎಲ್ಲರ ಮುಂದೆ ಬಿಡಿಸಿಟ್ಟಳು. ಧೂಳು ನೋಡಿದರೆ ಉದ್ದನೆಯ ಕೇಬಲ್ ಹೋಗಿ ತಿಂಗಳುಗಳಾಗಿವೆ. ಆದರೂ ಗಂಟೆಗಳು ಮೊಳಗುತ್ತಲೇ ಇದ್ದವು. ಅಂದರೆ ಮುದುಕಿ ಸತ್ತ ದಿನ ಎರಡನೆಯದೊಂದು ಕಳಚಿದೆ, ಮತ್ತೆ ಕೂತಿದೆ. ಹೊಸ ಗಂಟೂ ಹಳೆಯವುಗಳಂತೆಯೇ ಇದೆ, ಎಲ್ಲವನ್ನೂ ಕಟ್ಟಿದ್ದು ಒಂದೇ ಕೈ.

"ನಾನೇ," ಎಂದ ತಂತ್ರಜ್ಞ. "ಸಡಿಲ ಆಗಿತ್ತು, ಆ ಮಧ್ಯಾಹ್ನ ತೆಗೆದು ಹಾಕ್ದೆ. ಅರ್ಧ ನಿಮಿಷ. ಹಿಂದೆ ಸುತ್ತು ಇದೆ ಅಂತ ನಂಬಿದ್ದೆ. ಬೇರೆ ಆದ ಸ್ವಿಚ್ ಮತ್ತೆ ಗುಂಪಿಗೆ ಸೇರ್ಬೇಕಾದ್ರೆ ಆರಿ ಹೊತ್ತುತ್ತೆ. ಅದಕ್ಕೆ ಹನ್ನೊಂದು ನಿಮಿಷ ಬೇಕು, ಅಷ್ಟೊತ್ತು ಗಂಟೆ ಕೇಳಲ್ಲ."

"ಉದ್ದನೇದು ತೆಗೆದವರು?" ದೊಡ್ಡಮ್ಮ ಉಗ್ರಾಣದವನತ್ತ ತಿರುಗಿದಳು. ನೆಲಮಾಳಿಗೆಯ ಕೋಣೆಯ ಇನ್ನೊಂದು ಬೀಗದ ಕೈ ಇದ್ದದ್ದು ಅವನಲ್ಲಿ ಮಾತ್ರ.

ಅವನು ಒಪ್ಪಿಕೊಂಡ. ಎಕ್ಸ್‌ರೇ ಕೋಣೆಯ ಸ್ವಿಚ್ಚುಗಳಿಗೊಂದು ಕೇಬಲ್ ಬೇಕಾಗಿತ್ತು. "ನಕ್ಷೆ ನೋಡೇ ತೆಗೆದೆ ಅಮ್ಮಾ. ಉಳಿದದ್ದೆಲ್ಲ ಗಟ್ಟಿ ಗೆರೆ, ಅದೊಂದೇ ಚುಕ್ಕಿಗೆರೆ. ನಮ್ಮ ಫಾರಮ್ಮಲ್ಲಿ ಚುಕ್ಕಿಗೆರೆ ಅಂದ್ರೆ ಬೇಕಿದ್ರೆ ತುಂಬಿ, ಇಲ್ದಿದ್ರೆ ಬಿಡಿ ಅಂತ. ಬಾಲಂಗೋಚಿ ಅಂದ್ಕೊಂಡೆ."

"ಹಿಂಬದಿಯಲ್ಲಿ ಹೋಗುತ್ತೆ, ಕಣ್ಣಿಗೆ ಕಾಣಲ್ಲ ಅಂತ ಚುಕ್ಕಿ ಹಾಕಿದ್ದು," ಎಂದ ತಂತ್ರಜ್ಞ, ನೆಲಕ್ಕೆ ಹೇಳುವಂತೆ.

ಮುಖ್ಯ ವೈದ್ಯರು ನರ್ಸಿಗೆ ಡ್ಯೂಟಿಗೆ ಹೋಗಲು ಹೇಳಿದರು. ಅವಳು ಬಾಗಿಲು ದಾಟುವಷ್ಟರಲ್ಲಿ ಮಗಳು ಅಡ್ಡ ಬಂದಳು.

"ಸಿಸ್ಟರ್, ಅಮ್ಮ ಹನ್ನೊಂದು ನಿಮಿಷಾನೂ ಒತ್ತಾನೇ ಇದ್ಲಾ?"

"ಇಲ್ಲಮ್ಮ. ಒಂದೇ ಸಲ ಒತ್ತಿರ್ತಾರೆ. ಅಷ್ಟರಲ್ಲೇ ಹೋಗಿಬಿಟ್ಟಿದ್ರು."

ವಾರವಿಡೀ ನಿಜ ಹೇಳಿ ಆಸ್ಪತ್ರೆಯಲ್ಲಿ ಒಬ್ಬರನ್ನೂ ನಂಬಿಸಲಾಗದವಳ ಈ ಸುಳ್ಳನ್ನು ಮಗಳು ತಕ್ಷಣ ನಂಬಿದಳು.