ಬಾಟ್ಲಿಯ ತಳದಲ್ಲಿ ಕೂತದ್ದು

ದೂರು ಬಂದದ್ದು 10 ಫೆಬ್ರುವರಿ 2025, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ. ದೇವರ ಹಿಪ್ಪರಗಿ ಠಾಣೆಯ ಡೈರಿಯಲ್ಲಿ ಹಾಗೇ ಬರೆದಿದೆ. ಬರೆಯದೇ ಬಿಟ್ಟದ್ದು ಏನೆಂದರೆ, ದೂರುದಾರ ಸಿದ್ದರಾಯ ಒಬ್ಬನೇ ಬಂದಿರಲಿಲ್ಲ. ಅರ್ಧ ಮಸಬಿನಹಟ್ಟಿ ಊರೇ ಎರಡು ಟಂಟಂ ಗಾಡಿ ತುಂಬಿಕೊಂಡು ಬಂದಿತ್ತು. ಅಪರಾಧಿ ಯಾರೆಂಬುದು ಅವರಲ್ಲಿ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿತ್ತು.

"ಮಾತಾಡೋರು ಒಬ್ಬರು ಒಳಗ ಬರ್ರಿ. ಉಳಿದೋರು ಬೇವಿನಗಿಡದ ಕೆಳಗ ಕುಂಡ್ರಿ," ಎಂದರು ಪಿಎಸ್‌ಐ ಗುರಲಿಂಗಪ್ಪ.

ಸಿದ್ದರಾಯ ಒಳಗೆ ಬಂದ. ಕುರಿ ಕಾಯುವವನು. ಹೆಗಲ ಮೇಲಿನ ಕಂಬಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತ.

"ನನ್ನ ಮಗಳಿಗಿ ಯಾರೋ ವಿಷ ಹಾಕ್ಯಾರ್ರಿ, ಸಾಹೇಬ್ರ."

"ಯಾರು?"

"ನನ್ನ ಹೇಣ್ತಿ ಸಾತವ್ವ, ನಮ್ಮವ್ವ ಹಾಕ್ಯಾಳ ಅಂತಾಳ. ನಮ್ಮವ್ವ ದುರ್ಗವ್ವ, ನನ್ನ ಹೇಣ್ತಿ ಹಾಕ್ಯಾಳ ಅಂತಾಳ."

"ನೀ ಏನಂತಿ?"

"ನಾ ಕುರಿ ಕಾಯಾಕ ಹೋಗಿದ್ನಿರಿ."

ಮಗಳು ಭಾಗ್ಯಾ, ಹನ್ನೊಂದು ವರ್ಷ. ಆರನೇ ವರ್ಷದಿಂದ ಅವಳಿಗೆ ಫಿಟ್ಸ್. ಹೋದ ದಸರೆಯ ಹೊತ್ತಿಗೆ ಸಾತವ್ವ ಬಸವನ ಬಾಗೇವಾಡಿಯ ಕಡೆ ನಡೆದ ಯಾವುದೋ ಕ್ರೈಸ್ತ ಸ್ವಸ್ಥತಾ ಕೂಟಕ್ಕೆ ಮಗಳನ್ನು ಒಯ್ದಳು. ಅಲ್ಲಿನ ದೊಡ್ಡ ಬೋಧಕ, ನಂಬಿಕೆ ಇದ್ದವರಿಗೆ ಗುಳಿಗೆ ಯಾಕೆ ಎಂದು ಮೈಕಿನಲ್ಲಿ ಕೇಳಿದ. ಸಾತವ್ವ ಮನೆಗೆ ಬಂದವಳೇ ಗುಳಿಗೆಗಳನ್ನು ತಿಪ್ಪೆಗೆ ಎಸೆದಳು. ಆಮೇಲೆ ಊರಿನ ಪ್ರಾರ್ಥನಾ ಮನೆಯ ಬ್ರದರ್ ಅನೀಲಕುಮಾರ ಹುಡುಗಿಯ ತಲೆಯ ಮೇಲೆ ಕೈಯಿಟ್ಟ. ನಾಲ್ಕು ತಿಂಗಳು ಒಂದು ಫಿಟ್ಸೂ ಬರಲಿಲ್ಲ.

"ನಾ ಮೊದಲ ಬೈದ್ನಿರಿ. ಮಗಳು ನೆಟ್ಟಗ ಆಗಿದ್ದ ನೋಡಿ ನಾನೂ ಕೈ ಮುಗದ್ನಿ," ಎಂದ ಸಿದ್ದರಾಯ.

ಮೊನ್ನೆ ಶನಿವಾರದಿಂದ ಹುಡುಗಿ ಕುಡಿದವರಂತೆ ತೂರಾಡತೊಡಗಿದಳು. ಕಣ್ಣುಗುಡ್ಡೆಗಳು ಅತ್ತಿತ್ತ ಕುಣಿಯುತ್ತಿದ್ದವು. ವಾಂತಿಯಾಯಿತು. ಭಾನುವಾರ ಮಧ್ಯಾಹ್ನ ಎಚ್ಚರ ತಪ್ಪಿತು. ಈಗ ವಿಜಯಪುರದ ಆಸ್ಪತ್ರೆಯಲ್ಲಿದ್ದಾಳೆ.

ಗುರಲಿಂಗಪ್ಪ ಡಾಕ್ಟರಿಗೆ ಫೋನ್ ಮಾಡಿದರು. ಉತ್ತರ ವಿಚಿತ್ರವಾಗಿತ್ತು. ಹುಡುಗಿಯ ರಕ್ತದಲ್ಲಿ ಬೇರೆ ವಿಷವಿಲ್ಲ, ಫಿಟ್ಸಿನ ಔಷಧವೇ ಇದೆ, ಇರಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚು. "ಯಾರು ಕೊಟ್ಟಾರ, ಯಾವುದರಾಗ ಕೊಟ್ಟಾರ ನನಗ ಗೊತ್ತಾಗಬೇಕು," ಎಂದರು ಡಾಕ್ಟರು. "ಈ ಸಲ ಎದ್ದು ಕೂಡ್ತಾಳ. ಆದರ ತಾಯಿ ಗುಳಗಿ ಬ್ಯಾಡ ಅಂತ ಹಟ ಹಿಡದಾಳ. ಗುಳಗಿ ಇಲ್ಲದ ಮನಿಗಿ ಹೋದರ ಮುಂದಿನ ಫಿಟ್ಸಿಗೆ ಇಕಿ ಉಳಿತಾಳ ಅಂತ ನಾ ಹೇಳೂದಿಲ್ಲ."

ಹೊರಗೆ ಬೇವಿನ ಗಿಡದ ಕೆಳಗಿಂದ ಒಬ್ಬ ಎದ್ದು ಬಂದ. ಮಾಳಿಂಗಪ್ಪ, ಊರಿನ ಮುಂದಾಳು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು.

"ಸಾಹೇಬ್ರ, ಇದು ಮತಾಂತರದ ಕೇಸು. ಹಂಗಂತ ಬರಕೋರಿ."

"ಹುಡುಗಿ ಹೆಸರೇನು?"

ಮಾಳಿಂಗಪ್ಪ ಸಿದ್ದರಾಯನ ಮುಖ ನೋಡಿದ.

"ಅವನ್ನ ಯಾಕ ನೋಡ್ತಿ? ಹೆಸರು ಗೊತ್ತಿಲ್ಲದ ಹುಡುಗಿ ಸಲುವಾಗಿ ಎರಡು ಟಂಟಂ ಮಾಡ್ಕೊಂಡ ಬಂದಿ? ಕುಂಡ್ರ ಹೋಗು."

ಅಪರಿಚಿತರ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ ಜೀವಕ್ಕೆ ಅಪಾಯ ತರುವ ಕೃತ್ಯದ ಕಲಂ 125ರ ಅಡಿ ಎಫ್‌ಐಆರ್ ದಾಖಲಾಯಿತು. ಸಮಯ 11.30.

ಮಧ್ಯಾಹ್ನ 12.45ಕ್ಕೆ ಮಸಬಿನಹಟ್ಟಿಯಲ್ಲಿ ಮನೆಯ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೆಬಲ್ ನಬಿಲಾಲ ಬರೆಯುತ್ತಿದ್ದ, ಮಹಿಳಾ ಕಾನ್‌ಸ್ಟೆಬಲ್ ಸುನಂದಾ ಹುಡುಕುತ್ತಿದ್ದಳು. ದುರ್ಗವ್ವನ ತಗಡಿನ ಪೆಟ್ಟಿಗೆಯಲ್ಲಿ ಎಲೆ ಅಡಿಕೆಯ ಕೆಳಗೆ ಫಿಟ್ಸಿನ ಗುಳಿಗೆಯ ಮೂರು ಪಟ್ಟಿ ಸಿಕ್ಕವು. ಹೊರಗಿನಿಂದ ಇಣುಕುತ್ತಿದ್ದ ಓಣಿಯ ಮಂದಿ 'ಹಾ' ಎಂದರು. ಸೊಸೆಯ ಮೇಲಿನ ಸಿಟ್ಟಿಗೆ ಮುದುಕಿ ಮೊಮ್ಮಗಳನ್ನೇ ಮುಗಿಸಹೊರಟಳೆಂದು ಅವರ ತೀರ್ಪು ಅಲ್ಲೇ ಆಗಿಹೋಯಿತು.

"ಇವು ಎಲ್ಲಿಂದ ಬಂದವು, ಆಯಿ?" ಗುರಲಿಂಗಪ್ಪ ಕೇಳಿದರು.

"ತಿಪ್ಪಿಯಿಂದ ಆರಿಸಿದ್ನಿ. ನನ್ನ ಸೊಸಿಗಿ ದೇವರು ಹೊಸದಾಗಿ ಬಂದಾನ, ಬುದ್ಧಿ ಇನ್ನಾ ಬರಬೇಕು. ಒಂದ ದಿನ ಬೇಕಾಗತಾವ ಅಂತ ಇಟ್ಟಿದ್ನಿ."

"ಹುಡುಗಿಗಿ ಕೊಟ್ಟಿ?"

"ಕೊಡಾಕ ಬಿಟ್ಟರಲ್ಲ ಅಕಿ!"

ಗುರಲಿಂಗಪ್ಪ ಪಟ್ಟಿಗಳನ್ನು ಬೆಳಕಿಗೆ ಹಿಡಿದರು. ಒಂದು ಗುಳಿಗೆಯೂ ಒಡೆದಿರಲಿಲ್ಲ. ಮೇಲೆ ಸಗಣಿಯ ಒಣ ಹಕ್ಕಳೆ ಹಾಗೇ ಇತ್ತು. ಓಣಿಯ ತೀರ್ಪು ಹತ್ತು ನಿಮಿಷವೂ ಬಾಳಲಿಲ್ಲ.

ಬಟ್ಟೆ ಒಯ್ಯಲೆಂದು ಆಸ್ಪತ್ರೆಯಿಂದ ಬಂದಿದ್ದ ಸಾತವ್ವ ಒಳಕೋಣೆಯ ಗೋಡೆಯ ಗೂಡಿನಂಥ ಮಾಡಿನ ಹತ್ತಿರ ನಿಂತಿದ್ದಳು. ಮಾಡಿನಲ್ಲಿ ಕಟ್ಟಿಗೆಯ ಶಿಲುಬೆ, ಪಕ್ಕದಲ್ಲಿ ಒಂದು ಖಾಲಿ ಬಾಟ್ಲಿ. ನಬಿಲಾಲ ಮೂಸಿ ನೋಡಿದ. ಜೇನುತುಪ್ಪ.

"ಇದೇನವಾ?"

"ಪ್ರಾರ್ಥನಾ ಮಾಡಿದ ಜೇನರಿ. ಬ್ರದರ್ ಕೊಡತಾರ. ಮುಂಜಾನಿ ಒಂದ ಚಮಚೆ, ಸಂಜಿಕ ಒಂದ ಚಮಚೆ."

"ಖಾಲಿ ಐತಲ್ಲ?"

"ಬ್ರದರ್ ಶನಿವಾರದಿಂದ ಇಂಡಿ ಊರಾಗ ಕೂಟಕ್ಕ ಹೋಗ್ಯಾರ. ಹೊಸಾ ಬಾಟ್ಲಿ ಬರಲಿಲ್ಲ. ತಳದಾಗ ಬೆಳ್ಳಗ ಕೆನಿ ಹಂಗ ಕೂತಿತ್ತರಿ. ಅದೇ ಪ್ರಾರ್ಥನಾದ ಸಾರ ಅಂತ ತಿಳದು, ನೀರ ಹಾಕಿ ಕುಲುಕಿ ಎರಡೂ ದಿನ ಎಲ್ಲಾ ಕುಡಿಸಿದ್ನಿ. ದೇವರದು ಚೆಲ್ಲಾಕ ಬರತೈತೇನ್ರಿ?"

ಗುರಲಿಂಗಪ್ಪ ನಬಿಲಾಲನ ಮುಖ ನೋಡಿದರು. ನಬಿಲಾಲ ಬಾಟ್ಲಿಯನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿದ. ಡಾಕ್ಟರಿಗೆ ಮತ್ತೆ ಫೋನ್ ಹೋಯಿತು. "ಗುಳಗಿ ಪುಡಿ ಜೇನಿನಾಗ ಕರಗಂಗಿಲ್ರಿ, ತಳಕ್ಕ ಕೂಡತೈತಿ," ಎಂದರು ಅವರು. "ಮ್ಯಾಲಿನ ಚಮಚೆ ಹಗುರ, ತಳದ ಚಮಚೆ ಭಾರ. ಅಕಿ ತಳಾನ ತೊಳದು ಕುಡಿಸ್ಯಾಳ."

ಇಂಡಿಗೆ ಹೋಗುವ ದಾರಿಯಲ್ಲಿ ಸಿಂದಗಿ. ಅಲ್ಲಿ ಪರಪ್ಪ ಎಂಬ ಹಳೆಯ ಸಭಾಪಾಲಕರಿದ್ದರು. ನಬಿಲಾಲನಿಗೆ ಶಾಲೆಯಲ್ಲಿ ಗಣಿತ ಕಲಿಸಿ ಕಿವಿ ಹಿಂಡಿದವರು. ಅನೀಲಕುಮಾರ ಅವರ ಕೈಯಲ್ಲೇ ಬೆಳೆದವನೆಂದು ನಬಿಲಾಲ ಹೇಳಿದ್ದರಿಂದ 3.10ಕ್ಕೆ ಜೀಪು ಅವರ ಮನೆಯ ಮುಂದೆ ನಿಂತಿತು. ಮುದುಕರು ತೊಗರಿ ಹಸನು ಮಾಡುತ್ತಿದ್ದರು.

"ಅನೀಲ್ಯಾ ಮೊದಲ ಏನ ಮಾಡತಿದ್ದ, ಮಾಸ್ತರ?" ನಬಿಲಾಲ ಕೇಳಿದ.

"ಮುದ್ದೇಬಿಹಾಳದಾಗ ಒಬ್ಬ ಡಾಕ್ಟರ ಕಡೆ ಕಂಪೌಂಡರ ಇದ್ದ. ಒಂಬತ್ತ ವರ್ಷ."

ಗುರಲಿಂಗಪ್ಪನವರಿಗೆ ಬೇಕಾದದ್ದು ಅಷ್ಟೇ. ಆದರೂ ಅವರು ಏಳಲಿಲ್ಲ. "ಒಂದ ಮಾತು ಕೇಳತೇನಿ, ಅಯ್ಯಗಳ. ನಿಮ್ಮ ಮಂದಿ ಪವಾಡ ಮಾಡಬೇಕು ಅಂತ ಐತೇನು? ಮಾಡಲಿಲ್ಲಂದ್ರ ನಂಬಿಕಿ ಖೊಟ್ಟಿ ಏನು?"

ಮುದುಕರು ಮೊರವನ್ನು ಕೆಳಗಿಟ್ಟರು. "ನಮ್ಮ ಬೈಬಲ್ಲಿನಾಗ ಪೌಲ ದೊಡ್ಡ ಶಿಷ್ಯ. ಅವನ ಕೈಲೆ ಪವಾಡ ಆಗಿದ್ವು. ಅವನ ಜೋಡಿ ತಿಮೊಥೆಯ ಅಂತ ಒಬ್ಬಾಂವ ಇದ್ದ, ಯಾವಾಗಲೂ ಹೊಟ್ಟಿಬ್ಯಾನಿ. ಪೌಲ ಏನ ಮಾಡಿದ? ಬರೇ ನೀರ ಕುಡಿಬ್ಯಾಡ, ಒಂದೀಟ ದ್ರಾಕ್ಷಾರಸ ತೊಗೊ ಅಂತ ಪತ್ರ ಬರದ. ಇನ್ನೊಬ್ಬ ಗೆಳ್ಯಾ ಜಡ್ಡಾಗಿ ಬಿದ್ದ. ಅವನ್ನ ಒಂದ ಊರಾಗ ಬಿಟ್ಟು ಮುಂದ ಹ್ವಾದ. ಪೌಲಗ ನಂಬಿಕಿ ಕಡಿಮಿ ಇತ್ತೇನು?"

"ಹಂಗಾದ್ರ ಪವಾಡ ಇಲ್ಲ?"

"ಇಲ್ಲ ಅಂತ ನಾ ಯಾಕ ಅನ್ಲಿ? ದೇವರಿಗಿ ಆಗಲಾರದ್ದೇನೈತಿ? ಆದರ ಈ ಮಂದಿ ದೇವರಿಗಿ ಟೈಮ್ ಟೇಬಲ್ ಬರಕೊಟ್ಟಾರ. ಹತ್ತರಿಂದ ಎರಡರ ತನಕ ಪವಾಡ, ಆಮ್ಯಾಲ ಊಟ ಅಂತ ಬ್ಯಾನರ ಹಚ್ಚತಾರ."

"ನಮ್ಮ ದರ್ಗಾದಾಗೂ ಗುರುವಾರ ಅಂತ ಐತಿ ಬಿಡ್ರಿ, ಮಾಸ್ತರ," ಎಂದ ನಬಿಲಾಲ.

"ನಮ್ಮ ಕಡೆ ಅಮವಾಸ್ಯಿ," ಎಂದರು ಗುರಲಿಂಗಪ್ಪ.

ಹೊರಡುವಾಗ ಮುದುಕರು ಜೀಪಿನ ತನಕ ಬಂದರು. "ಅನೀಲ್ಯಾ ದಸರಾಕ್ಕಿಂತ ಮೊದಲ ಬಂದಿದ್ದ. ಹನ್ನೊಂದ ವರ್ಷ ಪ್ರಾರ್ಥನಾ ಮಾಡಿದೆ, ನನ್ನ ಕೈಲೆ ಒಂದ ತಲಿಬ್ಯಾನಿ ಹೋಗಲಿಲ್ಲ. ಬಾಗೇವಾಡಿ ಕೂಟದಾಗ ಕುಂಟರು ಕುಣಿತಾರ, ನಿನ್ನ ಕೈಯಾಗ ಏನೈತಿ ಅಂತ ನನ್ನ ಮಂದಿ ಕೇಳತಾರ ಅಂತ ಅತ್ತ. ಜಡ್ಡಿನವರ ಮಗ್ಗಲ ಹೋಗಿ ಸುಮ್ಮ ಕುಂಡ್ರು, ಅಷ್ಟ ಸಾಕು ಅಂದೆ. ಅದು ಅವಗ ಸಾಲಲಿಲ್ಲ."

ಇಂಡಿಯ ಹೊರಗೆ, ನಿಂಬೆ ತೋಟದ ಪಕ್ಕದ ಗೋದಾಮಿನಲ್ಲಿ ಕೂಟ ನಡೆದಿತ್ತು. ಸಮಯ 4.50. ಸುಮಾರು ಇನ್ನೂರು ಜನ, ಎಂಟು ಸ್ಪೀಕರು. ದೇವರಿಗೆ ಕಿವಿ ಮಂದವೆಂದು ಇವರಿಗೆ ಯಾರು ಹೇಳಿದರೋ. ಒಬ್ಬನ ಸೊಂಟನೋವು ಹೋಯಿತು. ಅದು ಇದ್ದದ್ದಕ್ಕೂ ಹೋದದ್ದಕ್ಕೂ ಅವನೊಬ್ಬನೇ ಸಾಕ್ಷಿ. ಒಬ್ಬಳ ಕಿವುಡು ಹೋಯಿತು. ಆಕೆ ಬೋಧಕ ಕೇಳುವ ಮೊದಲೇ ಉತ್ತರ ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಯಾರನ್ನೂ ಮೋಸ ಮಾಡಬೇಕಾಗಿರಲಿಲ್ಲ, ಎಲ್ಲರೂ ಮನೆಯಿಂದಲೇ ಮೋಸಹೋಗಿ ಬಂದಿದ್ದರು.

ಆಮೇಲೆ ಅನೀಲಕುಮಾರ ಮೈಕ್ ಹಿಡಿದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಇಸ್ತ್ರಿ ಅಂಗಿ.

"ನಮ್ಮೂರಾಗ ಭಾಗ್ಯಾ ಅಂತ ಒಂದ ಹುಡುಗಿ ಐತಿ. ಫಿಟ್ಸ್ ಬಂದು ಒದ್ದಾಡತಿತ್ತು. ಇವತ್ತ ಆ ಹುಡುಗಿ ಕುಣಕೋತ ಸಾಲಿಗಿ ಹೋಗತೈತಿ!"

"ಇವತ್ತಂತ," ಎಂದಳು ಸುನಂದಾ ಹಲ್ಲು ಕಚ್ಚಿ.

"ಮುಗಸಲಿ," ಎಂದರು ಗುರಲಿಂಗಪ್ಪ. "ಇನ್ನೂರು ಸಾಕ್ಷಿ ಬಿಟ್ಟೀನೇನು?"

5.35ಕ್ಕೆ ಅನೀಲಕುಮಾರನನ್ನು ವೇದಿಕೆಯ ಹಿಂದೆ ವಶಕ್ಕೆ ಪಡೆದರು. ಪಂಚರ ಎದುರು ಅವನ ಚೀಲ ತೆಗೆಸಿದರು. ಜೇನಿನ ಹತ್ತು ಬಾಟ್ಲಿ, ಪುಡಿ ಅರೆಯುವ ಸಣ್ಣದೊಂದು ಕಲ್ಲಿನ ಕಲಬತ್ತು, ಗುಳಿಗೆಯ ಖಾಲಿ ಪಟ್ಟಿಗಳ ಒಂದು ಗಂಟು. ಕಲಬತ್ತಿನ ತಳದಲ್ಲಿ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. ಅಂಗಿಯ ಜೇಬಿನಲ್ಲಿ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ, ಖಾನೆಗೊಂದು ವಾರದ ಹೆಸರು.

"ಇದು?"

"ನನ್ನ ಬಿಪಿ ಗುಳಗಿರಿ."

ಸೋಮವಾರದ ಖಾನೆ ಖಾಲಿ ಇತ್ತು.

"ಮುಂಜಾನಿ ನುಂಗಿ ಬಂದಿ," ಎಂದರು ಗುರಲಿಂಗಪ್ಪ. "ನಿನ್ನ ತಲಿ ಮ್ಯಾಲ ಕೈಯಿಡಾಕ ಯಾರೂ ಸಿಗಲಿಲ್ಲೇನು?"

ಅವನು ಡಬ್ಬಿಯ ಮುಚ್ಚಳ ಮುಚ್ಚಲು ಹೋದ. ಆದರೆ ಭಾಗ್ಯಾ ಎಚ್ಚರ ತಪ್ಪಿ ಮಲಗಿದ್ದಾಳೆಂದು ತಿಳಿದ ಕೂಡಲೇ ಎಷ್ಟು ಕುಡಿದಳೆಂದು ತಾನೇ ಕೇಳಿದ. ಆಮೇಲೆ ಪ್ರಶ್ನೆಗೊಂದು ಉತ್ತರ ತಾನಾಗಿ ಬಂತು.

"ಯಾಕ ಹಾಕಿದಿ?"

"ದಸರಾ ಮರುದಿನ ಗುಳಗಿ ಇಲ್ಲದ ಹುಡುಗಿಗಿ ಮೂರು ಸಲ ಫಿಟ್ಸ್ ಬಂತ್ರಿ. ನಾನ ಚಮಚೆ ಹಲ್ಲಿನಾಗ ಇಟ್ಟಿದ್ನಿ. ಗುಳಗಿ ಕೊಡವಾ ಅಂತ ಸಾತವ್ವಗ ಕೈ ಮುಗದ್ನಿ. ನಿನಗ ನಂಬಿಕಿ ಇಲ್ಲ, ಅದಕ್ಕ ನಿನ್ನ ಕೈಲೆ ಏನೂ ಆಗಂಗಿಲ್ಲ ಅಂದಳು. ಹುಡುಗಿ ಸಾಯತಿತ್ತು. ತಾಳಿಕೋಟ್ಯಾಗ ಗುಳಗಿ ತಂದು ಜೇನಿನಾಗ ಅರದು ಕೊಟ್ನಿ."

"ನೆಟ್ಟಗ ಆದ ಮ್ಯಾಲ ಹೇಳಬೇಕಿತ್ತು."

"ಹೇಳಾಕಂತ ಹೋಗಿದ್ನಿರಿ. ಹೋದಾಗ ಇಡೀ ಓಣಿ ಕಾಲಿಗಿ ಬಿತ್ತು."

"ಆಮ್ಯಾಲ?"

"ಆಮ್ಯಾಲ ಹೇಳಲಿಲ್ಲ."

"ಈ ಹತ್ತು ಬಾಟ್ಲಿ ಯಾರಿಗಿ?"

"ಬ್ಯಾರೆ ಬ್ಯಾರೆ ಜಡ್ಡಿಗಿ. ಇವ್ರಾಗ ನಾಕು ಶುಗರಿನವರಿಗಿ."

ಗುರಲಿಂಗಪ್ಪ ಕಣ್ಣು ಮುಚ್ಚಿಕೊಂಡರು. "ಶುಗರಿನವರಿಗಿ ಜೇನು?"

"ಗುಳಗಿ ಜಾಸ್ತಿ ಹಾಕೀನ್ರಿ."

ನಬಿಲಾಲ ಪೆನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿದ. ನಗುತ್ತಿದ್ದನೋ ಬೈಯುತ್ತಿದ್ದನೋ ತಿಳಿಯಲಿಲ್ಲ. ಬಾಟ್ಲಿ ಒಯ್ದವರ ಹೆಸರನ್ನೆಲ್ಲ ಅನೀಲಕುಮಾರ ಹೇಳಿದ. ಸುನಂದಾ ಒಬ್ಬೊಬ್ಬರಿಗೂ ಫೋನ್ ಮಾಡಿ ಜೇನು ಕುಡಿಯುವುದನ್ನು ನಿಲ್ಲಿಸಿದಳು. ಇಬ್ಬರು ಅವಳನ್ನೇ ಸೈತಾನ ಎಂದರು. ವಂಚನೆಯ ಕಲಂ 318 ಸೇರಿಸಿ ಸಂಜೆ 6.40ಕ್ಕೆ ಬಂಧನ ದಾಖಲಾಯಿತು.

ಕೇಸು ಅಲ್ಲಿಗೆ ಮುಗಿದಿತ್ತು, ಹುಡುಗಿಯ ಗಂಡಾಂತರ ಮುಗಿದಿರಲಿಲ್ಲ. ಮಂಗಳವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಒಯ್ಯುವ ಮೊದಲು ವೈದ್ಯಕೀಯ ತಪಾಸಣೆಗೆಂದು ಅದೇ ಆಸ್ಪತ್ರೆಗೆ ಕರೆತಂದರು. ಭಾಗ್ಯಾ ಬೆಳಗಿನ ಜಾವ ಕಣ್ಣು ತೆರೆದಿದ್ದಳು. ದಿಂಬಿಗೆ ಒರಗಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದಳು. ಬ್ರದರ್‌ನ ಕೈಯ ಬೇಡಿ ನೋಡಿ ಸಾತವ್ವ ಎದ್ದು ನಿಂತಳು.

"ಹೇಳು," ಎಂದರು ಗುರಲಿಂಗಪ್ಪ.

ಅನೀಲಕುಮಾರ ಹೇಳಿದ. ಸಾತವ್ವ ಪೂರ್ತಿ ಕೇಳಿದಳು. ಆಮೇಲೆ ಅವಳ ಮುಖ ಬೆಳಗಿತು.

"ಅದೇ ಗುಳಗಿ ನಾ ಕೊಟ್ಟಾಗ ಹತ್ತಲಿಲ್ಲ. ಇವರ ಕೈಲೆ ಹತ್ತಿತು. ಅದನ್ನ ಪವಾಡ ಅನ್ನಲಾರದ ಮತ್ತೇನಂತಾರ್ರಿ?"

ಗುರಲಿಂಗಪ್ಪ ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಕೇಳಿದರು, "ನೀ ಕೊಡತಿದ್ದಾಗ ದಿನಕ್ಕ ಎಷ್ಟ ಸಲ ಕೊಡತಿದ್ದಿ?"

"ನೆನಪಾದಾಗರಿ."

"ಜೇನು?"

"ಹೊತ್ತ ಹೊಂಟಾಗ ಒಂದು, ಹೊತ್ತ ಮುಳಗಿದಾಗ ಒಂದು. ಒಂದ ದಿನಾನೂ ತಪ್ಪಿಸಿಲ್ಲ. ದೇವರ ಕೆಲಸ ತಪ್ಪಸಾಕ ಬರತೈತೇನು?"

ಬೇಡಿಯ ಕೈಗಳನ್ನು ಮಂಚದ ಕಬ್ಬಿಣದ ಮೇಲಿಟ್ಟು ಅನೀಲಕುಮಾರ ಹೇಳಿದ, "ಸಾತವ್ವ, ಅದರಾಗ ನನ್ನದೇನೂ ಇದ್ದಿದ್ದಿಲ್ಲ. ಬರೇ ಗುಳಗಿ ಇತ್ತು. ದಿನಾ ತಪ್ಪಿಸಲಾರದ ಕೊಟ್ಟಾಕಿ ನೀ." ಹನ್ನೊಂದು ವರ್ಷದ ಬೋಧನೆಯಲ್ಲಿ ಅವನು ಹೇಳಿದ ಮೊದಲ ಉಪಯೋಗದ ಮಾತು ಅದೇ ಇರಬೇಕು. ಸಾತವ್ವ ಮಗಳ ಬಾಯಿಗಂಟಿದ ಬಿಸ್ಕೀಟು ಒರೆಸಿದಳು. ಆಮೇಲೆ ಡಾಕ್ಟರ ಕಡೆ ಕೈ ಚಾಚಿದಳು, ಗುಳಿಗೆಗೆ.

ಅನೀಲಕುಮಾರ ನಾಲ್ಕು ತಿಂಗಳು ಯಾಕೆ ಬಾಯಿ ಬಿಡಲಿಲ್ಲವೆಂದು ಬರೆಯಲು ದೋಷಾರೋಪ ಪಟ್ಟಿಯಲ್ಲಿ ಜಾಗವಿಲ್ಲ. ಹೇಳಿಕೆಯ ಕೊನೆಗೆ ಅವನು ಹೇಳಿದ ಒಂದು ಮಾತನ್ನು ನಬಿಲಾಲ ಹಾಗೇ ಬರೆದುಕೊಂಡಿದ್ದ: "ಮೊದಲ ತಿಂಗಳು ಗುಳಗಿ ಅರೆಯುವಾಗ ಅಳತಿದ್ನಿ. ಎರಡನೇ ತಿಂಗಳು ಪ್ರಾರ್ಥನಾ ಮಾಡತಿದ್ನಿ. ಆಮ್ಯಾಲ ಅಕಿ ನೆಟ್ಟಗ ಆಗಿದ್ದು ಗುಳಗಿಯಿಂದ ಅನ್ನೂದು ನನಗ ಮರತಬಿಟ್ಟಿತ್ತರಿ."

ಮಾರ್ಚ್ 17ರಂದು ಸುನಂದಾ ಒಂದು ಸಹಿಗೆಂದು ಮಸಬಿನಹಟ್ಟಿಗೆ ಹೋಗಿ ಬಂದಳು.

"ಗುಳಗಿ ಪಟ್ಟಿ ಒಯ್ದು ಶಿಲುಬಿ ಮುಂದ ಇಟ್ಟಾಳ್ರಿ ಸಾಹೇಬ್ರ. ಪ್ರಾರ್ಥನಾ ಮಾಡಿ ಕೊಡತಾಳ."

"ತಪ್ಪಸ್ತಾಳೇನು?"

"ಎಲ್ಲಿ ತಪ್ಪಸ್ತಾಳ್ರಿ? ದುರ್ಗವ್ವ ಕೋಲ ಹಿಡಕೊಂಡ ಬಾಗಲದಾಗ ಕೂತಿರತಾಳ. ಮೊದಲ ಗುಳಗಿ ನುಂಗ್ಲಿ, ಆಮೆನ್ ಆಮ್ಯಾಲ ಅಂತಾಳ."

ಗುರಲಿಂಗಪ್ಪ ಕಾಗದಕ್ಕೆ ಸಹಿ ಹಾಕಿ ಫೈಲು ಮುಚ್ಚಿದರು.